ಮೊಣಕಾಲಿಗೊಂದು ಜಡಿಮಳೆ

ಮೂಡಿಗೆರೆಯ ಮಳೆ ಹೊರಗೆ ನಿಂತರೂ ನನ್ನ ಹಳೇ ಲ್ಯಾಂಡ್ ರೋವರಿನೊಳಗೆ ಇನ್ನರ್ಧ ಗಂಟೆ ಸುರಿಯುತ್ತದೆ. 1948ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ವಂಶ ಅದರದು. ಯುದ್ಧ ಮುಗಿದು ಉಕ್ಕಿಗೆ ಬರ ಬಂದಿದ್ದರಿಂದ ಅಲ್ಯೂಮಿನಿಯಂ ಮೈ. ಆ ಮೈಗೆ ತುಕ್ಕಿಲ್ಲ, ಒಳಗೆ ಕೂತವನಿಗೆ ನೆಗಡಿ ಬಿಟ್ಟಿಲ್ಲ.

ಮುಂದಿನ ಗಾಜಿನ ಕೆಳಗೆ ಗಾಳಿಗೆಂದು ಎರಡು ಉದ್ದನೆಯ ಮುಚ್ಚಳಗಳಿವೆ. ಅವುಗಳ ಅಂಚಿನ ರಬ್ಬರು ಈಗ ಕೈಯಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಎಷ್ಟೇ ಬಿಗಿದು ಮುಚ್ಚಿದರೂ ನೀರು ಬಂದೇ ಬರುತ್ತದೆ, ಅದೂ ಲೆಕ್ಕ ಹಾಕಿದಂತೆ ಬಲ ಮೊಣಕಾಲಿಗೇ.

"ರೀ, ಇದು ಮಳೆನೀರಲ್ಲ, ಹೀಟರಿಂದು" ಎಂದಳು ಹೆಂಡತಿ. (ಇಲ್ಲಿ ಹೀಟರು ಯಾಕೆಂದು ಕೇಳುವವರು ಜುಲೈನಲ್ಲೊಮ್ಮೆ ಬಂದು ನೋಡಲಿ.) ಅವಳ ಅನುಮಾನಕ್ಕೂ ಕಾರಣವಿತ್ತು. ಹೀಟರಿನೊಳಗೆ ಓಡುವುದು ಎಂಜಿನ್ನಿನ ಬಿಸಿನೀರು. ಕೂಲೆಂಟ್ ಬೆರೆತಿದ್ದರೆ ಬೆರಳಿಗೆ ಜಿಡ್ಡು ಜಿಡ್ಡು, ಸಿಹಿ ವಾಸನೆ ಬೇರೆ. ಪಕ್ಕದ ತೋಟದ ಗೌಡರು ರುಚಿ ನೋಡಲು ನಾಲಗೆ ಚಾಚಿಯೇಬಿಟ್ಟಿದ್ದರು. ವಿಷ ಕಣ್ರೀ ಅಂತ ಕೈ ಹಿಡಿದೆ. "ಹಂಗಾದ್ರೆ ನೀವೇ ನೋಡಿ" ಎಂದರು.

ಮುಟ್ಟಿ ನೋಡಿದೆ. ಜಿಡ್ಡಿಲ್ಲ, ವಾಸನೆಯಿಲ್ಲ, ಮಳೆನೀರೇ. ಮೆಕ್ಯಾನಿಕ್ ಹಳೇ ರಬ್ಬರು ಕೆರೆದು, ಹೊಸದು ಅಂಟಿಸಿ, ಅದಕ್ಕೆ ಸೀಮೆಸುಣ್ಣ ಬಳಿದು ಮುಚ್ಚಳ ಒತ್ತಿದ. ಬಿಳಿ ಗೆರೆ ಎಲ್ಲಿ ಮೂಡಿಲ್ಲವೋ ಅಲ್ಲೇ ಸಂದಿ. ಮೂಡಿದ್ದು ಎಲ್ಲಿ ಅಂತ ಹುಡುಕುವುದೇ ಸುಲಭವಿತ್ತು. ಖಾಲಿ ಜಾಗಕ್ಕೆಲ್ಲ ಇನ್ನೊಂದು ಪದರ ಬಿತ್ತು.

ನನ್ನ ಮೊಣಕಾಲು ಈಗ ಒಣಗಿದೆ. ನೀರು ಎಡಬಾಗಿಲ ಸಂದಿ ಹಿಡಿದು ಹೆಂಡತಿಯ ಸೀಟಿಗೆ ಹೊರಟಿದೆ. ಮಳೆಗಾಲ ಮುಗಿಯುವವರೆಗೆ ಸಂತೆಗೆ ನಾನೊಬ್ಬನೇ ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ.