ನೀಲಗಿರಿ ಧೂಮಮೀಮಾಂಸೆ

ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸಬೇಕು ಎಂಬುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಯಾವ ಬೆಟ್ಟ ಎಂಬುದನ್ನು ಮಾತ್ರ ನೈಯಾಯಿಕರು ಹೇಳದೆ ಬಿಟ್ಟರು. ಶತಮಾನಗಳ ಈ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಆ ಬೆಟ್ಟ ನೀಲಗಿರಿ. ಆ ಹೊಗೆ, ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳನ್ನು ಹತ್ತಿ ಊಟಿಗೆ ಹೊರಟ ಒಂದು ಅಸೆಂಬಲ್ ಜೀಪಿನದು. ಬೆಂಕಿ ಇರುವುದು ಬಾನೆಟ್ಟಿನ ಕೆಳಗೋ ಆರ್‌ಸಿ ಪುಸ್ತಕದಲ್ಲೋ ಎಂಬ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಮೊದಲು ಲಕ್ಷಣ. ಒಂದು ಗಾಡಿಯ ಚಾಸಿ, ಇನ್ನೊಂದರ ಎಂಜಿನ್, ಮತ್ತೊಂದರ ಗೇರ್‌ಬಾಕ್ಸ್, ಯಾವ ಗಾಡಿಗೂ ಸೇರದ ಬಾಡಿ, ಇಷ್ಟೂ ಒಂದೇ ನಂಬರ್ ಪ್ಲೇಟಿನ ಆಶ್ರಯದಲ್ಲಿ ಬಾಳುವುದಕ್ಕೆ ಅಸೆಂಬಲ್ ಗಾಡಿ ಎಂದು ಹೆಸರು. ಇದನ್ನು ಕೀಳಾಗಿ ಕಾಣುವವರು ಕುಲಮೂಲವನ್ನು ಸ್ವಲ್ಪ ಕೆದಕಬೇಕು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿಯೇ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ಅಮೆರಿಕದಿಂದ ತರಿಸಿ ಇಲ್ಲಿ ಜೋಡಿಸಿ ಮಾರುತ್ತಿತ್ತು. ಅಂದಮೇಲೆ ಮಸಿನಗುಡಿಯ ಮೇಸ್ತ್ರಿ ಹೊಸದಾಗಿ ಏನನ್ನೂ ಮಾಡುತ್ತಿಲ್ಲ, ಸಂಪ್ರದಾಯ ಪಾಲಿಸುತ್ತಿದ್ದಾನೆ.

ಸಂಪ್ರದಾಯಕ್ಕೆ ಕಾನೂನಿನ ಮನ್ನಣೆ ಇದೆಯೇ ಎಂದರೆ, ಇಲ್ಲ. ಬ್ರಿಟನ್ನಿನಲ್ಲಿ ವಯಸ್ಸೋ ಗುರುತೋ ಗೊತ್ತಾಗದ ಗಾಡಿಗೆ ‘ಕ್ಯೂ’ ಅಕ್ಷರದ ಪ್ಲೇಟು ಕೊಟ್ಟು ರಸ್ತೆಗೆ ಬಿಡುತ್ತಾರೆ. ತಂದೆಯ ಹೆಸರು ಕೇಳದೆ ಶಾಲೆಗೆ ಸೇರಿಸಿಕೊಂಡಂತೆ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ತಯಾರಕನು ಮೊದಲು ಒಂದು ಮಾದರಿಯನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆಗೆ ಪರೀಕ್ಷೆಗೆ ಒಪ್ಪಿಸಬೇಕು. ಹಿತ್ತಿಲಲ್ಲಿ ಒಂದೇ ಒಂದು ಕಾರು ಕಟ್ಟಿದವನಿಗೆ ಮಾದರಿಯೂ ಅದೇ, ಸಮಸ್ತ ಉತ್ಪಾದನೆಯೂ ಅದೇ. ಆದ್ದರಿಂದ ಜಾಣರು ಹೊಸ ಗಾಡಿ ಕಟ್ಟುವುದಿಲ್ಲ. ಹಳೆಯ ಆರ್‌ಸಿಯೊಂದನ್ನು ಹಿಡಿದು ಅದರ ಸುತ್ತ ಗಾಡಿ ಕಟ್ಟುತ್ತಾರೆ. ಇದಕ್ಕೂ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಅಡ್ಡ ಬರುತ್ತದೆ. ತಯಾರಕರು ನಮೂದಿಸಿದ ವಿವರಕ್ಕೆ ಹೊಂದದಂತೆ ಗಾಡಿಯನ್ನು ಆಲ್ಟರ್ ಮಾಡುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಖಚಿತವಾಗಿ ಹೇಳಿತು. ತೀರ್ಪಿನ ಪ್ರತಿ ಘಾಟಿ ಹತ್ತಿತೋ ಇಲ್ಲವೋ ಎಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯವಾದ ವಿಷಯ.

ಇನ್ನು ಮುಖ್ಯ ವಿವಾದ. ಪೆಟ್ರೋಲ್ ಹುಟ್ಟಿನ ಹಳೆಯ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲದಲ್ಲಿ ಮನೆಮನೆಯ ಮಾತು. ಕೆಲವರು ಅದನ್ನು ಆರ್‌ಸಿಯಲ್ಲಿ ಬರೆಸಿಕೊಂಡರು, ಕೆಲವರಿಗೆ ಮರೆತುಹೋಯಿತು. ಮರೆತವರ ಪೈಕಿ ಒಬ್ಬನನ್ನು ಕಲ್ಪಿಸಿಕೊಂಡು ಬಂಕಿನ ಪಕ್ಕದ ಹೊಗೆ ತಪಾಸಣಾ ಕೇಂದ್ರದ ಮುಂದೆ ನಿಲ್ಲಿಸೋಣ.

“ಅಣ್ಣಾ, ಗಾಡಿ ಪೆಟ್ರೋಲೋ ಡೀಸೆಲ್ಲೋ?”

“ಆರ್‌ಸಿ ಕೇಳ್ತಿದ್ದೀಯೋ, ಎಂಜಿನ್ ಕೇಳ್ತಿದ್ದೀಯೋ?”

ಭಾರತೀಯ ದರ್ಶನಗಳ ಇತಿಹಾಸದಲ್ಲಿ ನಾಮಕ್ಕೂ ರೂಪಕ್ಕೂ ಇರುವ ಸಂಬಂಧವನ್ನು ಇಷ್ಟು ನೇರವಾಗಿ ಯಾರೂ ಪ್ರಶ್ನಿಸಿಲ್ಲ. ನಂಬರ್ ಒತ್ತಿದೊಡನೆ ಕಂಪ್ಯೂಟರು ‘ವಾಹನ್’ ನೋಂದಣಿ ದಾಖಲೆ ತೆರೆದು ‘ಪೆಟ್ರೋಲ್’ ಎನ್ನುತ್ತದೆ. ಪೆಟ್ರೋಲಾದರೆ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಸೈಲೆನ್ಸರಿಗೆ ಕೊಳವೆ ತೂರಿಸಿ ಕಾರ್ಬನ್ ಮಾನಾಕ್ಸೈಡ್ ಅಳೆಯಬೇಕು. ಹಳೆಯ ನಾಲ್ಕು ಚಕ್ರದ ಗಾಡಿಗೆ ಮಿತಿ ಶೇ 3, ಬಿಎಸ್-4 (ಭಾರತ್ ಸ್ಟೇಜ್ 4) ಗಾಡಿಗೆ ಶೇ 0.3. ಡೀಸೆಲ್ಲಾದರೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರನ್ನು ತಳಮುಟ್ಟ ತುಳಿದು ಹೊಗೆಯ ಕಪ್ಪು ಅಳೆಯಬೇಕು; ಹಳೆಯದಕ್ಕೆ ಮಿತಿ 65 ಹಾರ್ಟ್‌ರಿಡ್ಜ್ ಯೂನಿಟ್, ಬಿಎಸ್-4ಕ್ಕೆ 50. ಡೀಸೆಲ್ ಎಂಜಿನ್ ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡನ್ನು ಬಿಡುವುದೇ ಬಲು ಕಡಿಮೆ. ಹೀಗಾಗಿ ಪೆಟ್ರೋಲಿನ ಹೆಸರಿನಲ್ಲಿ ಡೀಸೆಲ್ ಜೀಪನ್ನು ಪರೀಕ್ಷಿಸಿದರೆ ಅದು ಹೊಸ ಕಾರನ್ನೂ ನಾಚಿಸುವ ಅಂಕ ಪಡೆದು ತೇರ್ಗಡೆಯಾಗುತ್ತದೆ, ಆಮೇಲೆ ಬಂಕು ಕಾಣದಷ್ಟು ಕರಿಹೊಗೆ ಉಗುಳಿ ಮನೆಗೆ ಹೊರಡುತ್ತದೆ. ಇಲ್ಲಿ ಅಕ್ರಮ ನಡೆದಿದೆ ಎನ್ನುವವರು ತರ್ಕ ಓದಿದವರಲ್ಲ. ಪರೀಕ್ಷೆ ನಡೆದದ್ದು ಆರ್‌ಸಿಗೆ, ಪಾಸಾದದ್ದೂ ಆರ್‌ಸಿ.

ಪ್ರತಿವಾದಿ ಕೇಳಬಹುದು: ಆರ್‌ಸಿಯಲ್ಲಿ ಡೀಸೆಲ್ ಎಂದೇ ಬರೆಸಿಕೊಂಡಿದ್ದರೆ? ಆಗ ಪ್ರಾಮಾಣಿಕನ ಕಷ್ಟ ಶುರುವಾಗುತ್ತದೆ. ಇಲ್ಲಿ ಪ್ರಾಚೀನರ ದೂರದೃಷ್ಟಿಗೆ ಕೈ ಮುಗಿಯಬೇಕು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ, ಹಸಿ ಸೌದೆಯ ಸಂಬಂಧ ಬೇಕು ಎಂದು ಅವರು ಆಗಲೇ ಹೇಳಿದ್ದರು. ಅದಕ್ಕೆ ‘ಉಪಾಧಿ’ ಎಂದು ಹೆಸರಿಟ್ಟರು. ಊಟಿಯ ಎತ್ತರ 2,240 ಮೀಟರ್. ಸಮುದ್ರಮಟ್ಟಕ್ಕೆ ಹೋಲಿಸಿದರೆ ಅಲ್ಲಿನ ಗಾಳಿ ಸುಮಾರು ಐದನೆಯ ಒಂದು ಪಾಲಿನಷ್ಟು ತೆಳು. ಹಳೆಯ ಕಾರ್ಬುರೇಟರಿಗಾಗಲಿ, ಟರ್ಬೊ ಇಲ್ಲದ ಡೀಸೆಲ್ ಪಂಪಿಗಾಗಲಿ ಇದು ತಿಳಿಯದು. ಮೆಟ್ಟುಪಾಳ್ಯಂನಲ್ಲಿ ಸುರಿದಷ್ಟೇ ಎಣ್ಣೆಯನ್ನು ಕೂನೂರು ದಾಟಿದ ಮೇಲೂ ಸುರಿಯುತ್ತವೆ. ಗಾಳಿ ಸಾಲದೆ ಎಣ್ಣೆ ಅರೆಬೆಂದು ಹೊಗೆಯಾಗುತ್ತದೆ. ಹಸಿ ಸೌದೆ ಎಂದರೆ ಇದೇ. ನೈಯಾಯಿಕರು ಡೀಸೆಲ್ ಪಂಪು ನೋಡಿರಲಿಲ್ಲ ಎಂಬ ಆಕ್ಷೇಪಕ್ಕೆ, ಪಂಪಿನ ಟ್ಯೂನಿಂಗ್ ಬಲ್ಲ ಮೇಸ್ತ್ರಿಯೂ ನ್ಯಾಯಶಾಸ್ತ್ರ ಓದಿಲ್ಲ ಎಂಬುದೇ ಉತ್ತರ.

ಆದರೆ ಮಿತಿ 65 ಎಂದರೆ ಮರೀನಾ ಬೀಚಿನಲ್ಲೂ 65, ದೊಡ್ಡಬೆಟ್ಟದ ನೆತ್ತಿಯಲ್ಲೂ 65. ಹೀಗೆ ಒಂದೇ ಜೀಪು ಮೆಟ್ಟುಪಾಳ್ಯಂನಲ್ಲಿ ಸಾತ್ವಿಕ, ಊಟಿಯಲ್ಲಿ ತಾಮಸ. ಪ್ರಾಜ್ಞರು ಇಳಿದು ಹೋಗಿ ಕೆಳಗೆ ಸರ್ಟಿಫಿಕೇಟ್ ಪಡೆದು, ಮೇಲೆ ಬಂದು ಹೊಗೆ ಬಿಡುತ್ತಾರೆ. ಸರ್ಟಿಫಿಕೇಟಿಗೆ ಬಿಎಸ್-4ಕ್ಕಿಂತ ಹಿಂದಿನ ಗಾಡಿಯಾದರೆ ಆರು ತಿಂಗಳು, ಆಮೇಲಿನದಾದರೆ ಒಂದು ವರ್ಷ ಆಯುಷ್ಯ. ಇದು ಇಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿವರೆಗೆ ದಂಡ. ಹಳೆಯ ತರ್ಕ ಹೊಗೆಯಿಂದ ಬೆಂಕಿಯನ್ನು ಊಹಿಸಿತು. ಸಾರಿಗೆ ಇಲಾಖೆಯ ನವ್ಯನ್ಯಾಯವು ಕಾಗದದಿಂದ ಹೊಗೆಯ ಅಭಾವವನ್ನು ಊಹಿಸುತ್ತದೆ. ಎದುರಿಗೆ ಹೊಗೆ ಪ್ರತ್ಯಕ್ಷವಾಗಿ ಕಾಣುತ್ತಿದ್ದರೂ ಅನುಮಾನವೇ ಗೆಲ್ಲುವ ದರ್ಶನ ಜಗತ್ತಿನಲ್ಲಿ ಇದೊಂದೇ ಇರಬೇಕು.

ನಂಬರ್ ಪ್ಲೇಟಿನ ಮಹಿಮೆ ಬೇರೆ ಪ್ರಕರಣಗಳಲ್ಲೂ ಸಿದ್ಧವಾಗಿದೆ. ಕಲ್ಲಟ್ಟಿ ಘಾಟಿಯಲ್ಲಿ ಅಪಘಾತಗಳು ಹೆಚ್ಚಿದ ಮೇಲೆ ಹೊರಗಿನ ಗಾಡಿಗಳು ಅಲ್ಲಿ ಇಳಿಯುವುದನ್ನು ತಡೆದರು. ಇಳಿಯುವ ಹಕ್ಕು ನೀಲಗಿರಿಯ ನೋಂದಣಿಯಾದ ಟಿಎನ್ 43ಕ್ಕೆ ಮಾತ್ರ. ಮೈಸೂರಿನಿಂದ ಬಂದ, ಇನ್ನೂ ಸೀಟಿನ ಪ್ಲಾಸ್ಟಿಕ್ ಕೀಳದ ಕೆಎ 09 ಕಾರು ಗೂಡಲೂರಿನ ಬಳಸು ದಾರಿ ಹಿಡಿಯಬೇಕು. ನಮ್ಮ ಅಸೆಂಬಲ್ ಜೀಪು, ಬ್ರೇಕು ಯಾವ ಕಂಪನಿಯದೆಂದು ಅದಕ್ಕೇ ತಿಳಿಯದಿದ್ದರೂ, ಸರಾಗವಾಗಿ ಇಳಿಯುತ್ತದೆ. ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಬಂದ ನೀಲಗಿರಿ ಪ್ರವೇಶದ ಇ-ಪಾಸ್ ಕೂಡ ಟಿಎನ್ 43ಕ್ಕೆ ಬೇಡ. ವೆಲ್ಲಿಂಗ್ಟನ್ನಿನ ಸೇನಾ ಗಾಡಿಗಳ ಪ್ಲೇಟಿನಲ್ಲಿ ಮೇಲ್ಮುಖ ಬಾಣವಿದೆ. ಅವನ್ನು ತಡೆದು ಹೊಗೆ ಸರ್ಟಿಫಿಕೇಟ್ ಕೇಳಿದ ಪೇದೆಯ ವೃತ್ತಾಂತ ನನ್ನ ವ್ಯಾಸಂಗದಲ್ಲಿ ಎಲ್ಲೂ ಸಿಕ್ಕಿಲ್ಲ.

ಕಣ್ಣಿಗೆ ಹೊಡೆಯುವ ಹೊಗೆ ಮಾತ್ರ ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹಲ್ಲುಹಳಿ ಹಿಡಿದು ಏರುವ ಉಗಿಬಂಡಿಯದು. ಅದಕ್ಕೆ ಪರೀಕ್ಷೆಯಿಲ್ಲ. ಹಳಿಯ ಮೇಲೆ ಓಡುವುದು ಕಾಯ್ದೆಯ ವ್ಯಾಖ್ಯೆಯಂತೆ ಮೋಟಾರು ವಾಹನವೇ ಅಲ್ಲ. 2005ರಲ್ಲಿ ಯುನೆಸ್ಕೊ ಆ ರೈಲನ್ನು ವಿಶ್ವಪರಂಪರೆ ಎಂದಿತು. ಹೊಗೆ ಸಾಕಷ್ಟು ಹಳೆಯದಾದರೆ ಪರಂಪರೆಯಾಗುತ್ತದೆ ಎಂದು ತಿಳಿದ ಜೀಪಿನ ಮಾಲೀಕನಿಗೆ ಇಲ್ಲಿ ಆಸೆ ಹುಟ್ಟುವುದು ಸಹಜ.

2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮ ಆ ಆಸೆಗೆ ನೀರೆರೆಯುತ್ತದೆ. ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರದ ಪ್ಲೇಟು, ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು ಎಂಬಲ್ಲಿ ನಮ್ಮ ಜೀಪು ಹೊರಬೀಳುತ್ತದೆ. ಮೂಲರೂಪದ ಜೀಪಿದ್ದವನಿಗೂ ರಸ್ತೆಗಿಳಿಯಲು ಇರುವ ಕಾರಣಗಳು ಕೆಲವೇ: ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವುದು. ಹೊಗೆ ತಪಾಸಣೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಪ್ರತಿವಾದಿಗಳು ಇದನ್ನೇ ಹಿಡಿದು, ವಿಂಟೇಜ್ ಗಾಡಿ ಸರ್ಟಿಫಿಕೇಟಿಗಾಗಿ ಹೊರಟರೆ ಅಪರಾಧ, ಹೊರಡದಿದ್ದರೂ ಅಪರಾಧ ಎಂದು ವಾದಿಸುತ್ತಾರೆ. ಈ ವಾದ ನಿಲ್ಲದು. ತಪಾಸಣಾ ಕೇಂದ್ರವಿರುವುದು ಬಂಕಿನಲ್ಲೇ ಆದ್ದರಿಂದ ಪೆಟ್ರೋಲ್ ಹಾಕಿಸಲು ಹೋದವನು ಪಕ್ಕಕ್ಕೆ ತಿರುಗಿ ಸೈಲೆನ್ಸರ್ ಒಡ್ಡಬಹುದು. ಟ್ಯಾಂಕು ಮೊದಲೇ ತುಂಬಿದ್ದರೆ, ತಾಂತ್ರಿಕ ಸಂಶೋಧನೆ ಎನ್ನಬಹುದು.