ಭಾನುವಾರದ ಕೂರ್ಮಪಾಲಕ

ಮುಂಬಯಿಯ ಸೆರಗಿನಲ್ಲಿರುವ ಊರುಗಳ ಕನ್ನಡಿಗರನ್ನು ಹೋಟೆಲಿನವರು, ಬ್ಯಾಂಕಿನವರು, ಸಂಘದವರು ಎಂದು ವಿಂಗಡಿಸುವ ರೂಢಿ ಹಳೆಯದಾದರೂ, ಈ ಮೂರು ಪಂಗಡಗಳಲ್ಲೂ ಹಂಚಿಹೋಗಿ ಇದುವರೆಗೆ ಸಮಾಜಶಾಸ್ತ್ರದ ಕಣ್ಣಿಗೆ ಬೀಳದೆ ಉಳಿದಿರುವ ನಾಲ್ಕನೆಯ ವರ್ಗವೆಂದರೆ ಕೂರ್ಮಪಾಲಕರದು. ಡೊಂಬಿವಲಿ ಪೂರ್ವದ ಯಾವುದೋ ಸೊಸೈಟಿಯ ಮೂರನೆಯ ಮಾಳಿಗೆಯಲ್ಲಿ ಇಕ್ಕಟ್ಟಾದ ಮನೆ, ಮನೆಯ ಮೇಲೆ 20 ವರ್ಷದ ಸಾಲ, ಬಾಲ್ಕನಿಯಲ್ಲಿ ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಒಂದು ಆಮೆ, ಇಷ್ಟನ್ನೂ ಒಟ್ಟಿಗೆ ಹೊತ್ತು ನಡೆಯುವ ಮಧ್ಯವಯಸ್ಸಿನ ಗೃಹಸ್ಥನೇ ಕೂರ್ಮಪಾಲಕ. ನಾಯಿ ತಂದರೆ ಸೊಸೈಟಿಯ ಸೆಕ್ರೆಟರಿ ಗೊಣಗುತ್ತಾನೆ, ಬೆಕ್ಕು ತಂದರೆ ಊರಿನಿಂದ ಬಂದ ತಾಯಿ ಗೊಣಗುತ್ತಾಳೆ, ಗಿಳಿ ತಂದರೆ ಕಾನೂನು ಗೊಣಗುತ್ತದೆ. ಯಾರೂ ಗೊಣಗದ, ತಾನೂ ಗೊಣಗದ ಪ್ರಾಣಿ ಆಮೆಯೊಂದೇ ಎಂಬ ತೀರ್ಮಾನಕ್ಕೆ ಅವನು ಬಂದಿರುವುದು ಹೀಗೆ.

ಅವನ ಆಮೆ ಸಾಮಾನ್ಯವಾಗಿ ಅಮೆರಿಕದ ಮಿಸಿಸಿಪಿ ಕಣಿವೆಯ ಮೂಲದ, ಕಣ್ಣಿನ ಹಿಂದೆ ಕೆಂಪು ಪಟ್ಟಿಯುಳ್ಳ ಸ್ಲೈಡರ್ ಎಂಬ ಸಿಹಿನೀರಿನ ಜಾತಿಯದು. ಕ್ರಾಫರ್ಡ್ ಮಾರ್ಕೆಟ್ಟಿನ ಆಸುಪಾಸಿನಲ್ಲಿ ನಾಣ್ಯದಗಲದ ಮರಿಯನ್ನು ತೋರಿಸಿ "ಇದು ಇಷ್ಟೇ ಇರುತ್ತದೆ" ಎಂದು ಮಾರಿದವನ ಭರವಸೆಯನ್ನು ಉಲ್ಲಂಘಿಸಿ, ಹೆಣ್ಣಾದರೆ ಅದು ಸುಮಾರು ಒಂದು ಅಡಿಯವರೆಗೂ ಬೆಳೆಯುತ್ತದೆ. ಕರ್ನಾಟಕ, ಆಂಧ್ರ, ತಮಿಳುನಾಡುಗಳ ಕುರುಚಲು ಕಾಡಿನ ನಕ್ಷತ್ರ ಆಮೆಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾದ್ದರಿಂದ ಅದರ ಪಾಲಕರು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ವಿಚಾರಿಸಿದಾಗ ಆ ಆಮೆ ಪ್ರತಿ ಮನೆಯಲ್ಲೂ ಪಕ್ಕದ ಮನೆಯವರದಾಗಿರುತ್ತದೆ.

ಕೂರ್ಮಪಾಲಕನ ಮುಖ್ಯ ಲಕ್ಷಣವೆಂದರೆ ಅವನ ಆಮೆಯಲ್ಲಿ ಆಗುವ ಬದಲಾವಣೆಗಳೆಲ್ಲ ಹಠಾತ್ತಾಗಿಯೇ ಆಗುವುದು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಡೊಂಬಿವಲಿಯಿಂದ ಸುಮಾರು 48 ಕಿಲೋಮೀಟರು. ಆಮೆ ಕಣ್ಣು ಬಿಡುವ ಮೊದಲೇ ಅವನು ಫಾಸ್ಟ್ ಲೋಕಲಿನ ಬಾಗಿಲಲ್ಲಿ ಒಂದು ಕಾಲೂರಿ ನಿಂತಿರುತ್ತಾನೆ, ಅವನು ಮರಳಿ ಮೆಟ್ಟಿಲು ಹತ್ತುವ ಹೊತ್ತಿಗೆ ಹಗಲು ಜೀವಿಯಾದ ಆಮೆ ಕತ್ತು ಒಳಗೆಳೆದುಕೊಂಡು ಮಲಗಿರುತ್ತದೆ. ಆದ್ದರಿಂದ ಇಬ್ಬರೂ ಎಚ್ಚರವಾಗಿ ಭೇಟಿಯಾಗುವುದು ಭಾನುವಾರ ಮಾತ್ರ. ಆಮೆಯು ತನ್ನ ಮರಿಗಳನ್ನು ದೂರದಿಂದ ಸ್ಮರಣೆಯಿಂದಲೇ ಪೋಷಿಸುತ್ತದೆಂಬುದು ನಮ್ಮ ಪರಂಪರೆಯ ನಂಬಿಕೆ. ಪ್ರಾಣಿಶಾಸ್ತ್ರದ ಪ್ರಕಾರ ಅದು ಮೊಟ್ಟೆಯಿಟ್ಟು ಮಣ್ಣು ಮುಚ್ಚಿ ಹಿಂದಿರುಗಿ ನೋಡದೆ ಹೋಗುತ್ತದಾದರೂ, ಸ್ಮರಣೆಯಿಂದ ಸಾಕುವ ಆ ವಿದ್ಯೆಯನ್ನು ಘಾಟ್ಕೋಪರಿನ ನೂಕುನುಗ್ಗಲಿನಲ್ಲಿ ಉಳಿಸಿಕೊಂಡು ಬಂದಿರುವವನು ಕೂರ್ಮಪಾಲಕನೇ. ಮೂರು ವಾರದಿಂದ ಮೆಲ್ಲಗೆ ಇಳಿಯುತ್ತ ಬಂದ ಹಸಿವು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವನ ಕಣ್ಣಿಗೆ ಬಿದ್ದು, ಹತ್ತೂ ಕಾಲಿಗೆ ಕುಟುಂಬದ ವಾಟ್ಸಾಪಿನಲ್ಲಿ ತುರ್ತುಸ್ಥಿತಿಯಾಗಿ ಘೋಷಣೆಯಾಗುತ್ತದೆ.

ಅಲ್ಲಿಂದ ಮುಂದಿನದು ನಿದಾನಶಾಸ್ತ್ರ, ಎಂದರೆ ರೋಗದ ಮೂಲವನ್ನು ಹುಡುಕುವ ವಿದ್ಯೆ. ಆಮೆ ಉಣ್ಣದಿದ್ದರೆ ಪಾಲಕನ ಮೊದಲ ವ್ಯಾಖ್ಯಾನ ಆಧ್ಯಾತ್ಮಿಕವಾದದ್ದು: ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಅಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯ ಹೋಲಿಕೆಯಿರುವುದರಿಂದ, ಮನೆಯ ಆಮೆಗೂ ಇಂದ್ರಿಯನಿಗ್ರಹ ಸಿದ್ಧಿಸಿರಬೇಕೆಂದು ಅವನು ಒಂದು ವಾರ ಹೆಮ್ಮೆಪಡುತ್ತಾನೆ. ವಾಸ್ತವದಲ್ಲಿ ಆಮೆ ಬಾಹ್ಯೋಷ್ಣ ಜೀವಿ, ಅಂದರೆ ಮೈಯ ಬಿಸಿಗಾಗಿ ಹೊರಗಿನ ಶಾಖವನ್ನೇ ನಂಬಿದ ಪ್ರಾಣಿಯಾಗಿದ್ದು, ಜನವರಿಯ ರಾತ್ರಿಗಳಲ್ಲಿ ತೊಟ್ಟಿಯ ನೀರು ತಣ್ಣಗಾದಾಗ ಅದರ ಜೀರ್ಣಶಕ್ತಿ ಕುಂದಿ ಹಸಿವು ತಾನಾಗಿ ಅಡಗುತ್ತದೆ. ಬೇಕಾದದ್ದು ನೀರಿಗೆ ಹೀಟರು, ಒಣಗಿ ಕೂರಲು ಒಂದು ಕಲ್ಲು, ಅದರ ಮೇಲೊಂದು ದೀಪ. ಪಾಲಕ ಒದಗಿಸುವುದು ಇನ್ನಷ್ಟು ಊಟ.

ಎರಡನೆಯ ವ್ಯಾಖ್ಯಾನ ವಾಸ್ತುವಿನದು. ತಲೆ ಉತ್ತರಕ್ಕಿರಬೇಕೆಂದು ತೊಟ್ಟಿಯನ್ನು ತಿರುಗಿಸಲಾಗುತ್ತದೆ, ಆಮೆ ತಾನೂ ಒಳಗೆ ತಿರುಗುತ್ತದೆ. ಅದು ತಿರುಗುತ್ತಿರುವುದು ಬಿಸಿಲಿನ ಕಡೆಗೆಂಬುದೂ, ಚಿಪ್ಪು ಗಟ್ಟಿಯಾಗಲು ಬೇಕಾದ ಡಿ ಜೀವಸತ್ವವನ್ನು ಮೈಯಲ್ಲಿ ತಯಾರಿಸುವ ಅತಿನೇರಳೆ-ಬಿ ಕಿರಣಗಳು ಬಾಲ್ಕನಿಗೆ ಹಾಕಿಸಿದ ಗಾಜಿನ ಮೂಲಕ ಒಳಗೆ ಬರುವುದಿಲ್ಲವೆಂಬುದೂ ಅಷ್ಟರಲ್ಲಿ ಚರ್ಚೆಗೆ ಬರುವುದಿಲ್ಲ. ಚಿಪ್ಪು ಮೆತ್ತಗಾದರೆ, ಬರಿಯ ಒಣಸಿಗಡಿಯನ್ನೇ ತಿಂದು ಎ ಜೀವಸತ್ವದ ಕೊರತೆಯಿಂದ ಕಣ್ಣು ಊದಿಕೊಂಡರೆ, ಮೂರನೆಯ ವ್ಯಾಖ್ಯಾನ ಸಿದ್ಧವಾಗಿದೆ: ಎಂಐಡಿಸಿಯ, ಎಂದರೆ ಊರಿನ ಕೈಗಾರಿಕಾ ಪ್ರದೇಶದ, ಹೊಗೆ. 2014ರಲ್ಲಿ ಹಸಿರು ಮಳೆಯನ್ನೂ 2020ರಲ್ಲಿ ಗುಲಾಬಿ ರಸ್ತೆಯನ್ನೂ ಕಂಡ ಊರಿನಲ್ಲಿ ಈ ವಾದವನ್ನು ಖಂಡಿಸುವ ಧೈರ್ಯ ಯಾರಿಗೂ ಇಲ್ಲವಾದ್ದರಿಂದ, ರಾಸಾಯನಿಕ ಕಾರ್ಖಾನೆಗಳು ತಾವು ಮಾಡಿದ ಪಾಪದ ಜೊತೆಗೆ ಒಣಸಿಗಡಿಯ ಪಾಪವನ್ನೂ ಹೊರುತ್ತಿವೆ.

ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು, ಗಂಡೆಂದು ನಂಬಿ ಭೀಮನೆಂದು ಕರೆದ ಆಮೆ ಊಟ ಬಿಟ್ಟು, ಹಗಲಿಡೀ ತೊಟ್ಟಿಯ ಮೂಲೆಯನ್ನು ಹಿಂಗಾಲಿನಿಂದ ಕೆರೆಯತೊಡಗುವ ಪ್ರಸಂಗ. ಮೇ ತಿಂಗಳಿಗೆ ಊರಿಗೆ ಹೋಗುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನ ಟಿಕೆಟು ವೇಟಿಂಗ್ ಲಿಸ್ಟಿನಲ್ಲೇ ನಿಂತಿರುವ ಪಾಲಕನು ಇದನ್ನು ಊರಿನ ನೆನಪೆಂದು ಓದಿ ಕಣ್ಣು ತುಂಬಿಕೊಳ್ಳುತ್ತಾನೆ. ಮಣ್ಣಿಗಾಗಿ ಹಂಬಲಿಸುತ್ತಿದೆ ಎಂಬ ಅವನ ಊಹೆ ಅಕ್ಷರಶಃ ಸರಿಯೂ ಹೌದು. ಗಂಡಿನ ಸಹವಾಸವೇ ಇಲ್ಲದೆ ಹೆಣ್ಣಾಮೆ ಬರಡು ಮೊಟ್ಟೆಗಳನ್ನಿಡಬಲ್ಲದು, ಇಡಲು ಅದಕ್ಕೆ ತೇವದ ಮರಳು ಬೇಕು, ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಂಡಬಂಧವೆಂಬ ಸ್ಥಿತಿ ಉಂಟಾಗಿ ಪ್ರಾಣಕ್ಕೇ ಎರವಾಗಬಹುದು. ಹಸಿವಿಲ್ಲದ ಹೆಣ್ಣಾಮೆಗೆ ಎಕ್ಸ್‌-ರೇ ತೆಗೆಸುವುದು ಈ ಕಾರಣಕ್ಕೆ. ಮೂಗಿನಲ್ಲಿ ಗುಳ್ಳೆ ಬರುವುದು, ಒಂದು ಮಗ್ಗುಲಿಗೆ ವಾಲಿ ತೇಲುವುದು ಶ್ವಾಸಕೋಶದ ಸೋಂಕಿನ ಸೂಚನೆಗಳು. ಅವುಗಳಿಗಾಗಿ ಮುಂದಿನ ಭಾನುವಾರದವರೆಗೆ ಕಾಯುವಂತಿಲ್ಲ.

ಬೇಸತ್ತ ಕೆಲವು ಪಾಲಕರು ಠಾಣೆಯ ಮಾಸುಂದಾ ಕೆರೆಯಂಥ ಕಡೆ ಆಮೆಯನ್ನು ಬಿಟ್ಟು ಪುಣ್ಯ ಸಂಪಾದಿಸುವ ಯೋಚನೆ ಮಾಡುವುದುಂಟು. ಸ್ಲೈಡರ್ ಜಗತ್ತಿನ ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದ್ದು, ಇಲ್ಲಿನ ಆಮೆಗಳ ಅನ್ನವನ್ನೂ ಬಿಸಿಲನ್ನೂ ಕಸಿಯುತ್ತದಾದ್ದರಿಂದ ಆ ಪುಣ್ಯ ಲೆಕ್ಕಕ್ಕೆ ಸೇರದು.

ಈ ಇಡೀ ಪ್ರಕರಣದಲ್ಲಿ ಯಾರೂ ಅಭಿಪ್ರಾಯ ಕೇಳದ ಒಬ್ಬ ವ್ಯಕ್ತಿಯಿದ್ದಾಳೆ. ಮಂಗಳವಾರದಿಂದ ಸೊಪ್ಪು ಹಾಗೇ ಉಳಿಯುತ್ತಿದೆ, ಗುರುವಾರ ಬಲಗಣ್ಣು ತೆರೆಯಲಿಲ್ಲ, ಹೋದ ತಿಂಗಳಿಗಿಂತ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಇಳಿದಿದೆ ಎಂಬುದನ್ನೆಲ್ಲ ಹಾಲಿನ ಲೆಕ್ಕದ ಪಕ್ಕದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿರುವ ಪಾಲಕನ ಹೆಂಡತಿಗೆ ಆಮೆಯ ಯಾವ ಬದಲಾವಣೆಯೂ ಹಠಾತ್ತಾಗಿ ಕಂಡದ್ದಿಲ್ಲ. ಡೊಂಬಿವಲಿಯ ಪಶುವೈದ್ಯರು ಆಮೆಯನ್ನು ಪರೀಕ್ಷಿಸುವ ಮೊದಲು ಆ ಕ್ಯಾಲೆಂಡರನ್ನು ತರಿಸಿಕೊಂಡು ನೋಡುವುದು ಒಳ್ಳೆಯದು.