ಮೊಲದ ದಿನಚರಿ
ಕೊಕ್ಕರ್ಣೆಯ ಮನೆಯೊಂದಕ್ಕೆ ಹೊಸದಾಗಿ ಬಂದ ಮೊಲಕ್ಕೆ ಕ್ಯಾರೆಟ್ಟಿನ ಆತಿಥ್ಯ ನಡೆಯುವುದು ಚಿತ್ರಕಥೆಗಳ ಪ್ರಭಾವದಿಂದಲೇ ಹೊರತು ಪಶುವೈದ್ಯಶಾಸ್ತ್ರದಿಂದಲ್ಲ. ಅದರ ನಿತ್ಯದ ಊಟ ಒಣಹುಲ್ಲು, ಏಕೆಂದರೆ ಜೀವಮಾನವಿಡೀ ಬೆಳೆಯುವ ಹಲ್ಲು ಸವೆಯುವುದು ಅದನ್ನು ಅಗಿದಾಗಲೇ, ಹುಲ್ಲು ತಪ್ಪಿದರೆ ಆ ಸೇವಾಭಾಗ್ಯ ಮೊಬೈಲ್ ಚಾರ್ಜರಿನ ವಯರಿಗೆ ಒದಗುತ್ತದೆ. ತನ್ನದೇ ಮೆತ್ತನೆಯ ಹಿಕ್ಕೆಯನ್ನು, ಅಂದರೆ ಕುರುಡುಗರುಳಿನಲ್ಲಿ ಹುದುಗಿ ಬಿ ಜೀವಸತ್ವ ತುಂಬಿಕೊಂಡ ಉಂಡೆಯನ್ನು, ಅದು ಮತ್ತೆ ತಿನ್ನುವುದನ್ನು ಕಂಡು ಮಡಿವಂತ ಅಜ್ಜಿಯರು ಹೌಹಾರಿದರೂ ಅದು ರೋಗವಲ್ಲ, ಜೀರ್ಣಕ್ರಿಯೆಯ ಎರಡನೆಯ ಪಂಕ್ತಿ. ಬೆವರಲಾರದೆ ಕಿವಿಗಳಿಂದಲೇ ಸೆಖೆ ಕಳೆಯುವ ಈ ಪ್ರಾಣಿಗೆ, ಉಷ್ಣಾಂಶ 30 ಡಿಗ್ರಿ ದಾಟುವ ಕರಾವಳಿಯ ಮೇ ತಿಂಗಳಲ್ಲಿ, ಫ್ಯಾನಿನ ಕೆಳಗಿನ ತಂಪು ನೆಲವನ್ನು ಮನೆಯ ಯಜಮಾನರು ಬಿಟ್ಟುಕೊಡುವುದು ಅನಿವಾರ್ಯ. ಅರ್ಧ ದಿನ ಹುಲ್ಲು ಮುಟ್ಟದಿದ್ದರೆ ಮಾತ್ರ ಏಕಾದಶಿಯೆಂದು ಭಾವಿಸದೆ ಪಶುವೈದ್ಯರಲ್ಲಿಗೆ ಒಯ್ಯಬೇಕು; ಕರುಳಿನ ಚಲನೆ ನಿಂತ ಮೊಲಕ್ಕೆ ವಾಂತಿ ಮಾಡಿ ಹಗುರಾಗುವ ಅನುಕೂಲವನ್ನೂ ಪ್ರಕೃತಿ ಕೊಟ್ಟಿಲ್ಲ.